ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್ ಸೋರಿಕೆ: ಹನಿ ಬೀಳುವ ಜಾಗ ಬೇರೆ, ಹುಟ್ಟುವ ಜಾಗ ಬೇರೆ

ಗಾಡಿ ನಿಂತ ಜಾಗದಲ್ಲಿ ಅಂಗೈ ಅಗಲದ ಕೆಂಪು ಕಲೆ. ಬಗ್ಗಿ ನೋಡಿದರೆ ಗೇರ್‌ಬಾಕ್ಸ್ ಪ್ಯಾನ್‌ನ (ಅಡಿಯ ಆಯಿಲ್ ತಟ್ಟೆಯ) ಎಡ ಮೂಲೆಯ ಬೋಲ್ಟ್ ತಲೆಯಲ್ಲಿ ಸದಾ ಒಂದು ಹನಿ ನೇತಾಡುತ್ತಿದೆ. ಯಾರು ನೋಡಿದರೂ ಹೇಳುವುದು ಒಂದೇ ಮಾತು: ಪ್ಯಾನ್ ಗ್ಯಾಸ್ಕೆಟ್ ಹೋಗಿದೆ. ಈ ಕೆಲಸದಲ್ಲಿ ಆ ಮಾತು ಅರ್ಧ ಮಾತ್ರ ನಿಜವಾಯಿತು. ಪ್ಯಾನ್ ಒಸರುತ್ತಿದ್ದದ್ದು ಹೌದು, ಆದರೆ ನೆಲಕ್ಕೆ ಬೀಳುತ್ತಿದ್ದ ಆಯಿಲ್‌ನ ಬಹುಪಾಲು ಹುಟ್ಟುತ್ತಿದ್ದದ್ದು ಅದಕ್ಕಿಂತ ಒಂದು ಗೇಣು ಮೇಲಿದ್ದ ಎಡ ಆಕ್ಸಲ್ ಸೀಲ್‌ನಲ್ಲಿ, ಅಂದರೆ ಚಕ್ರ ತಿರುಗಿಸುವ ದಂಡ ಗೇರ್‌ಬಾಕ್ಸ್ ಸೇರುವ ಬಾಯಿಯ ರಬ್ಬರ್ ಸುತ್ತಿನಲ್ಲಿ. ಗ್ಯಾಸ್ಕೆಟ್ ಒಂದನ್ನೇ ಬದಲಿಸಿ ಕೈ ತೊಳೆದುಕೊಂಡಿದ್ದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಗುತ್ತಿತ್ತು.

ಗೇರ್‌ಬಾಕ್ಸ್ ಮುಂಚಕ್ರ ಚಾಲನೆಯ ಕಾರಿನದು, ಅಡ್ಡ ಕೂರಿಸಿದ 6 ಸ್ಪೀಡ್, ಟಾರ್ಕ್ ಕನ್ವರ್ಟರ್ (ಎಂಜಿನ್ ಬಲವನ್ನು ಆಯಿಲ್ ಮೂಲಕ ದಾಟಿಸುವ ಭಾಗ) ಇರುವ ಮಾಮೂಲಿ ಆಟೋಮ್ಯಾಟಿಕ್. ಉಕ್ಕಿನ ಪ್ಯಾನ್, ರಬ್ಬರ್ ಗ್ಯಾಸ್ಕೆಟ್. ಡಿಪ್‌ಸ್ಟಿಕ್ ಇಲ್ಲ, ಲೆವೆಲ್ ನೋಡುವುದು ಪ್ಯಾನ್ ಅಡಿಯ ಓವರ್‌ಫ್ಲೋ ಪ್ಲಗ್‌ನಿಂದ. ಡಿಫರೆನ್ಷಿಯಲ್‌ಗೂ ಇದೇ ಆಯಿಲ್.

ಮೊದಲ ಪ್ರಶ್ನೆ: ಇದು ಗೇರ್‌ಬಾಕ್ಸ್ ಆಯಿಲ್ಲೇನಾ?

ಬಿಳಿ ಟಿಶ್ಯೂ ಕಾಗದಕ್ಕೆ ಒಂದು ಹನಿ ಹೀರಿಸಿ ಬೆಳಕಿಗೆ ಹಿಡಿಯಬೇಕು. ಹೊಸ ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್) ಸಾಮಾನ್ಯವಾಗಿ ಕೆಂಪು. ಆ ಕೆಂಪು ತಯಾರಕರು ಹಾಕುವ ಬಣ್ಣ ಅಷ್ಟೇ, ಗುಣದ ಗುರುತಲ್ಲ. ಬಳಕೆಯಾದಂತೆ ಕಂದು ಬಣ್ಣಕ್ಕೆ ತಿರುಗುತ್ತದೆ. ಹಾಗಾಗಿ ಹಳೆಯ ಎಟಿಎಫ್ ಮತ್ತು ಎಂಜಿನ್ ಆಯಿಲ್ ಬಣ್ಣದಲ್ಲಿ ಮೋಸ ಮಾಡಬಲ್ಲವು. ಟಿಶ್ಯೂ ಮೇಲೆ ಹರಡಿದ ಅಂಚಿನಲ್ಲಿ ಮಾತ್ರ ಎಟಿಎಫ್‌ನ ನಸುಗೆಂಪು ಉಳಿದಿರುತ್ತದೆ, ಎಂಜಿನ್ ಆಯಿಲ್‌ನ ಅಂಚು ಹಳದಿ ಕಂದು. ಬೆರಳುಗಳ ನಡುವೆ ಉಜ್ಜಿದರೆ ಎಟಿಎಫ್ ತೆಳು. ಕೂಲಂಟ್ ನೀರಿನಂತಿದ್ದು ಸಿಹಿ ವಾಸನೆ ಬರುತ್ತದೆ. ಎಲ್ಲ ಗೇರ್‌ಬಾಕ್ಸ್ ಆಯಿಲ್ ಕೆಂಪೇ ಎಂದೂ ಅಂದುಕೊಳ್ಳುವಂತಿಲ್ಲ: ಝಡ್‌ಎಫ್ 8 ಸ್ಪೀಡ್‌ಗೆ ಬರುವ ಲೈಫ್‌ಗಾರ್ಡ್ 8 ಹಸಿರು.

ಇಲ್ಲಿ ಬಹಳ ಜನ ಎಡವುವುದು ಪವರ್ ಸ್ಟೀರಿಂಗ್ ವಿಷಯದಲ್ಲಿ. ಹೈಡ್ರಾಲಿಕ್ ಸ್ಟೀರಿಂಗ್ ಇರುವ ಅನೇಕ ಗಾಡಿಗಳಲ್ಲಿ ಅದಕ್ಕೂ ಇದೇ ಕೆಂಪು ಎಟಿಎಫ್. ಸ್ಟೀರಿಂಗ್ ರ‍್ಯಾಕ್ ಗೇರ್‌ಬಾಕ್ಸ್‌ನ ಹಿಂದೆಯೇ ಕೂತಿರುವುದರಿಂದ ಹನಿ ಹೆಚ್ಚುಕಡಿಮೆ ಅದೇ ಜಾಗಕ್ಕೆ ಬೀಳುತ್ತದೆ. ಸ್ಟೀರಿಂಗ್ ಡಬ್ಬಿಯ ಲೆವೆಲ್ ಮೇಲೆ ಟೇಪಿನಿಂದ ಗುರುತು ಹಾಕಿ ಎರಡು ದಿನ ಕಾದರೆ ಉತ್ತರ ಸಿಗುತ್ತದೆ.

ಎಲ್ಲಿ ಎನ್ನುವ ಮೊದಲು ಯಾವಾಗ

ಗೇರ್‌ಬಾಕ್ಸ್ ಒಳಗೆ ಆಯಿಲ್‌ಗೆ ಎರಡು ಸ್ಥಿತಿ. ಎಂಜಿನ್ ಓಡುವಾಗ ಪಂಪ್ ಅದನ್ನು ಎತ್ತಿ ಒತ್ತಡದಲ್ಲಿ ಗೇರ್ ಬದಲಾವಣೆ ನಿಯಂತ್ರಿಸುವ ವಾಲ್ವ್ ಬಾಡಿಗೆ, ಕನ್ವರ್ಟರ್‌ಗೆ, ಕೂಲರ್ ಪೈಪುಗಳಿಗೆ ಕಳಿಸುತ್ತದೆ. ಆಗ ಪ್ಯಾನ್‌ನಲ್ಲಿ ಮಟ್ಟ ಕೆಳಗಿರುತ್ತದೆ. ಎಂಜಿನ್ ನಿಂತ ಮೇಲೆ ಕನ್ವರ್ಟರ್‌ನಲ್ಲಿದ್ದ ಆಯಿಲ್ ನಿಧಾನವಾಗಿ ಪ್ಯಾನ್‌ಗೆ ಇಳಿದು ಮಟ್ಟ ಏರುತ್ತದೆ. ಸೋರಿಕೆಯ ವೇಳೆ ತಿಳಿದರೆ ಅನುಮಾನದ ಪಟ್ಟಿ ಅರ್ಧ ಕಿರಿದಾಗುವುದು ಇದೇ ಕಾರಣಕ್ಕೆ.

ಎಂಜಿನ್ ಓಡುವಾಗ ಮಾತ್ರ ಬಿದ್ದರೆ ಒತ್ತಡ ಇರುವ ಕಡೆ: ಕೂಲರ್ ಪೈಪಿನ ಜೋಡಣೆ, ಹೋಸ್, ಪಂಪ್‌ನ ಮುಂದಿನ ಸೀಲ್. ರಾತ್ರಿ ನಿಂತಾಗ ಬಿದ್ದರೆ ನಿಂತ ಮಟ್ಟಕ್ಕೆ ಮುಳುಗುವ ಜಾಗಗಳು: ಪ್ಯಾನ್ ಗ್ಯಾಸ್ಕೆಟ್, ಡ್ರೈನ್ ಪ್ಲಗ್ ವಾಷರ್, ಗೇರ್ ಲಿವರ್ ಕೇಬಲ್ ಸೇರುವ ಸೆಲೆಕ್ಟರ್ ಶಾಫ್ಟ್‌ನ ಸೀಲ್, ವೈರಿಂಗ್ ಕನೆಕ್ಟರ್‌ನ ಓ-ರಿಂಗ್, ಆಕ್ಸಲ್ ಸೀಲ್. ಇಳಿಜಾರಿನಲ್ಲಿ ನಿಲ್ಲಿಸಿದಾಗ ಮಾತ್ರ ಬಿದ್ದರೆ ಇಳಿಜಾರಿನ ಕೆಳಗಿನ ಬದಿಯನ್ನು ಮೊದಲು ನೋಡಿ. ಉದ್ದ ಓಟದ ನಂತರ ಮಾತ್ರ, ಅದೂ ಗೇರ್‌ಬಾಕ್ಸ್‌ನ ತಲೆಯೆಲ್ಲ ಕೆಂಪು ಮಂಜು ಬಡಿದಂತೆ ಒದ್ದೆಯಾಗಿದ್ದರೆ ಅದು ಬ್ರೀದರ್ (ಒಳಗಿನ ಗಾಳಿ ಹೊರಬಿಡುವ ತೂತು). ಯಾರೋ ಆಯಿಲ್ ಹೆಚ್ಚು ತುಂಬಿದ್ದಾರೆ, ತಿರುಗುವ ಭಾಗಗಳು ಅದನ್ನು ಕಡೆದು ನೊರೆ ಎಬ್ಬಿಸಿ ಹೊರಗೆ ತಳ್ಳುತ್ತಿವೆ. ಅಲ್ಲಿ ಸೀಲ್ ಬದಲಿಸಿ ಪ್ರಯೋಜನವಿಲ್ಲ, ಲೆವೆಲ್ ಸರಿಪಡಿಸಬೇಕು.

ಕನ್ನಡದಲ್ಲಿ ಇದಕ್ಕೆ ಒಳ್ಳೆಯ ಪದಗಳೇ ಇವೆ. ಒಸರುವುದು: ಧೂಳು ಅಂಟಿ ಕಪ್ಪಾದ ತೇವ, ಹನಿಯಾಗುವುದಿಲ್ಲ. ತೊಟ್ಟಿಕ್ಕುವುದು: ಹನಿ ಕಟ್ಟಿ ಬೀಳುತ್ತದೆ. ಸುರಿಯುವುದು: ಗಾಡಿ ಓಡಿಸುವಂತಿಲ್ಲ. ನಿಮಿಷಕ್ಕೆ ಒಂದು ಹನಿ ಎಂದರೆ ದಿನಕ್ಕೆ 1,440 ಹನಿ, ಹೆಚ್ಚುಕಡಿಮೆ 50 ಮಿಲಿ. ಕೇಳಲು ಕಡಿಮೆ, 20 ದಿನಕ್ಕೆ ಒಂದು ಲೀಟರ್. ಈ ಬಗೆಯ ಗೇರ್‌ಬಾಕ್ಸ್‌ನಲ್ಲಿ ಒಂದು ಲೀಟರ್ ಕಡಿಮೆಯಾದರೆ ತಿರುವಿನಲ್ಲಿ ಆಯಿಲ್ ಒಂದು ಕಡೆ ವಾಲಿದಾಗ ಪಂಪ್ ಗಾಳಿ ಎಳೆಯಬಹುದು. ಒತ್ತಡ ಬಿದ್ದು ಕ್ಲಚ್ ಪ್ಲೇಟ್‌ಗಳು ಜಾರಿ ಸುಡುತ್ತವೆ. ಡಿ ಹಾಕಿದ ಮೇಲೆ ಗಾಡಿ ಎಳೆಯಲು ತಡವಾಗುವುದು, ವೇಗ ಹೆಚ್ಚದೆ ಎಂಜಿನ್ ಮಾತ್ರ ಮೊರೆಯುವುದು, ಪಂಪ್‌ನಿಂದ ಸಣ್ಣ ಕೊರಗು ಸದ್ದು: ಇವು ಕಂಡರೆ ಪತ್ತೆ ಆಮೇಲೆ, ಗಾಡಿ ನಿಲ್ಲಿಸುವುದು ಮೊದಲು.

ಹನಿ ಎಣಿಸಲು ಅಡಿಯಲ್ಲಿ ದೊಡ್ಡ ರಟ್ಟು ಹಾಸಿ, ಅದರ ಮೇಲೆ ಮುಂದಿನ ಎರಡು ಚಕ್ರಗಳ ಜಾಗ ಬರೆದಿಡಬೇಕು. ಇಲ್ಲವಾದರೆ ರಟ್ಟು ಹೊರಗೆ ತೆಗೆದ ಮೇಲೆ ಕಲೆ ಯಾವ ಭಾಗದ ಕೆಳಗಿತ್ತೆಂದು ತಿಳಿಯದು. ಈ ಗಾಡಿಯಲ್ಲಿ ರಾತ್ರಿಯೂ ಹನಿ ಇತ್ತು, ಓಡಿಸಿ ಬಂದ ಮೊದಲ ಹತ್ತು ನಿಮಿಷದಲ್ಲೂ ಇತ್ತು, ಓಟದ ನಂತರದ್ದೇ ಹೆಚ್ಚು. ಪ್ಯಾನ್ ಗ್ಯಾಸ್ಕೆಟ್ ಒಂದೇ ಆಗಿದ್ದರೆ ಲೆಕ್ಕ ಉಲ್ಟಾ ಇರಬೇಕಿತ್ತು. ಅನುಮಾನ ಶುರುವಾದದ್ದೇ ಇಲ್ಲಿಂದ.

ತೊಳೆದು, ಒಣಗಿಸಿ, ಮತ್ತೆ ನೋಡುವುದು

ಜಿಡ್ಡು ಹಿಡಿದ ಗೇರ್‌ಬಾಕ್ಸ್ ನೋಡಿ ಸೋರಿಕೆಯ ಮೂಲ ಹೇಳುವವರನ್ನು ನಂಬಬೇಡಿ. ಓಡುವಾಗ ಗಾಳಿ ಆಯಿಲ್ಲನ್ನು ಹಿಂದಕ್ಕೆ ಒಯ್ಯುತ್ತದೆ, ಭಾರ ಕೆಳಕ್ಕೆ ಎಳೆಯುತ್ತದೆ. ಮೂಲ ಯಾವಾಗಲೂ ಒದ್ದೆಯ ಅತಿ ಎತ್ತರದ, ಅತಿ ಮುಂದಿನ ತುದಿಯ ಹತ್ತಿರ ಇರುತ್ತದೆ.

ಎಂಜಿನ್ ಪೂರ್ತಿ ತಣ್ಣಗಿರುವಾಗ ಡಿಗ್ರೀಸರ್ ಬಳಿದು ಹತ್ತು ನಿಮಿಷ ಬಿಟ್ಟು, ಬ್ರಷ್ಷಿನಿಂದ ಉಜ್ಜಿ, ಕಡಿಮೆ ಒತ್ತಡದ ನೀರಿನಿಂದ ತೊಳೆಯಬೇಕು. ಕನೆಕ್ಟರ್‌ಗಳಿಗೂ ಬ್ರೀದರ್‌ಗೂ ನೇರ ನೀರು ಬೇಡ. ಕೊನೆಯಲ್ಲಿ ಬ್ರೇಕ್ ಕ್ಲೀನರ್ ಹೊಡೆದು ಒರೆಸಬೇಕು. ಬ್ರೇಕ್ ಕ್ಲೀನರ್ ಕ್ಷಣದಲ್ಲಿ ಹೊತ್ತಿಕೊಳ್ಳುವ ವಸ್ತು, ಸೈಲೆನ್ಸರ್ ಪೈಪ್ ಬಿಸಿಯಿದ್ದರೆ ಅದರ ಹತ್ತಿರ ತರಲೇಬಾರದು. ಪೂರ್ತಿ ಒಣಗಿದ ಮೇಲೆ ಅನುಮಾನದ ಜಾಗಗಳಿಗೆ ಟಾಲ್ಕಂ ಪೌಡರ್ ತೆಳುವಾಗಿ ಉದುರಿಸಿ 15 ಕಿಲೋಮೀಟರ್ ಓಡಿಸಿದರೆ ಸಾಕು, ಆಯಿಲ್ ಬಂದ ದಾರಿ ಬಿಳಿಯ ಮೇಲೆ ಕೆಂಪು ಗೆರೆಯಾಗಿ ಮೂಡುತ್ತದೆ.

ಮೂಲ ಕೈಗೆಟುಕದ ಕಡೆ ಇದ್ದರೆ ಯುವಿ ಡೈ ಒಳ್ಳೆಯದು. ಎಟಿಎಫ್‌ಗೆಂದೇ ಬರುವ ಡೈ ಬಾಟಲಿಯ ಮೇಲಿನ ಅಳತೆಯಂತೆ, ಸಾಮಾನ್ಯವಾಗಿ 15 ರಿಂದ 30 ಮಿಲಿ ಹಾಕಿ, ಒಂದೆರಡು ದಿನ ಓಡಿಸಿ, ಕತ್ತಲಲ್ಲಿ 365 ನ್ಯಾನೋಮೀಟರ್ ಟಾರ್ಚ್ ಬಿಟ್ಟರೆ ಹಸಿರು ಹಳದಿಯಾಗಿ ಹೊಳೆಯುತ್ತದೆ. ಎಂಜಿನ್ ಆಯಿಲ್‌ಗೂ ಅದೇ ಬಣ್ಣದ ಡೈ ಹಾಕಿದರೆ ಎರಡನ್ನೂ ಬೇರ್ಪಡಿಸಲಾಗದು.

ಈ ಗಾಡಿಯಲ್ಲಿ ಪೌಡರೇ ಸಾಕಾಯಿತು. ಎಡ ಆಕ್ಸಲ್ ಗೇರ್‌ಬಾಕ್ಸ್ ಒಳಹೋಗುವ ಬಾಯಿಯ ಕೆಳಗಿನಿಂದ ಒಂದು ಗೆರೆ ಹೊರಟು, ಕೇಸಿನ ಏಣಿನ ಮೇಲೆ ಹರಿದು, ಪ್ಯಾನ್ ಮೂಲೆಯ ಆ ಬೋಲ್ಟ್‌ಗೆ ಬಂದು ಸೇರಿತ್ತು. ಜೊತೆಗೆ ಆಕ್ಸಲ್ ತಿರುಗುವ ಸಾಲಿಗೆ ಸರಿಯಾಗಿ, ಸಬ್‌ಫ್ರೇಮ್ (ಎಂಜಿನ್ ಅಡಿಯ ಉಕ್ಕಿನ ಚೌಕಟ್ಟು) ಮೇಲೆ ಎರಡು ಬೆರಳಗಲದ ಪಟ್ಟಿಯಂತೆ ಆಯಿಲ್ ಸಿಡಿದಿತ್ತು. ತಿರುಗುವ ಶಾಫ್ಟ್ ಮಾತ್ರ ಹೀಗೆ ಪಟ್ಟಿ ಎಳೆಯುತ್ತದೆ. ಪ್ಯಾನ್ ಸುತ್ತ ಬೇರೆಯೇ, ಎರಡು ಬೋಲ್ಟ್‌ಗಳ ನಡುವೆ ತೆಳು ತೇವ. ಅಂದರೆ ಎರಡು ಸೋರಿಕೆ, ಒಂದೇ ಹನಿ.

ಬೇಕಾಗುವ ಸಾಮಾನು, ಮತ್ತು ಒಂದು ಎಚ್ಚರಿಕೆ

ಪ್ಯಾನ್ ಗ್ಯಾಸ್ಕೆಟ್, ಫಿಲ್ಟರ್ ಮತ್ತು ಅದರ ಕತ್ತಿನ ಓ-ರಿಂಗ್, ಡ್ರೈನ್ ಮತ್ತು ಫಿಲ್ ಪ್ಲಗ್ ವಾಷರ್, ಎಡ ಆಕ್ಸಲ್ ಸೀಲ್, ಆಕ್ಸಲ್ ತುದಿಯ ಸರ್‌ಕ್ಲಿಪ್, ಹಬ್ ನಟ್. ಆಕ್ಸಲ್ ಸೀಲ್ ಎಡಕ್ಕೂ ಬಲಕ್ಕೂ ಒಂದೇ ಎಂದು ಭಾವಿಸಿ ತರಬೇಡಿ, ಅನೇಕ ಗೇರ್‌ಬಾಕ್ಸ್‌ಗಳಲ್ಲಿ ಅಳತೆ ಬೇರೆ. ಆಯಿಲ್ ಕೈಪಿಡಿ ಹೇಳಿದ ಸ್ಪೆಸಿಫಿಕೇಶನ್‌ದೇ ಆಗಬೇಕು: ಡೆಕ್ಸ್‌ರಾನ್ 6, ಮರ್ಕಾನ್ ಎಲ್‌ವಿ, ಎಟಿಎಫ್ ಪ್ಲಸ್ 4, ಟೊಯೋಟಾ ಡಬ್ಲ್ಯೂಎಸ್, ಹೋಂಡಾ ಡಿಡಬ್ಲ್ಯೂ 1 ಇವು ಒಂದರ ಬದಲು ಇನ್ನೊಂದಲ್ಲ. ಕ್ಲಚ್ ಹಿಡಿಯುವ ಗುಣ ಪ್ರತಿಯೊಂದರಲ್ಲೂ ಬೇರೆ, ತಪ್ಪಾದರೆ ಶಿಫ್ಟ್ ಆಗುವಾಗ ನಡುಕ ಶುರುವಾಗುತ್ತದೆ. ಹಲ್ಲಿನ ಗೇರ್‌ಗಳ ಬದಲು ಬೆಲ್ಟ್ ಮತ್ತು ಪುಲ್ಲಿಯಲ್ಲಿ ಓಡುವ ಸಿವಿಟಿಗೆ ಎಟಿಎಫ್ ಹಾಕಿದರಂತೂ ಬೆಲ್ಟ್ ಜಾರಿ ಪುಲ್ಲಿ ಗೀಚಿಹೋಗುತ್ತದೆ. ನಾಲ್ಕೂವರೆ ಲೀಟರ್ ಕೈಯಲ್ಲಿದ್ದರೆ ಈ ಕೆಲಸಕ್ಕೆ ಸಾಕು.

ಉಪಕರಣಗಳಲ್ಲಿ ಎರಡನ್ನು ಬಿಡುವಂತಿಲ್ಲ. ಒಂದು, 4 ರಿಂದ 25 ನ್ಯೂಟನ್ ಮೀಟರ್ ಅಳೆಯುವ ಸಣ್ಣ ಟಾರ್ಕ್ ರೆಂಚ್. ಎರಡು, ಗೇರ್‌ಬಾಕ್ಸ್ ಆಯಿಲ್ ತಾಪಮಾನ ತೋರಿಸುವ, ಗಾಡಿಯ ಕಂಪ್ಯೂಟರ್ ಓದುವ ಒಬಿಡಿ ಸ್ಕ್ಯಾನರ್.

ಗಾಡಿ ಎತ್ತುವಾಗ ನಾಲ್ಕೂ ಕಡೆ ಸ್ಟ್ಯಾಂಡ್ ಕೊಟ್ಟು ಸಮತಟ್ಟಾಗಿ ನಿಲ್ಲಿಸಬೇಕು. ಬರೀ ಜ್ಯಾಕ್ ಮೇಲಿರುವ ಗಾಡಿಯ ಕೆಳಗೆ ತಲೆ ಹಾಕಬಾರದು. ಮುಂಭಾಗ ಮಾತ್ರ ಎತ್ತಿದರೆ ಲೆವೆಲ್ ಅಳತೆಯೇ ಸುಳ್ಳಾಗುತ್ತದೆ.

ಎಚ್ಚರಿಕೆ ಇದು: ಡ್ರೈನ್ ಪ್ಲಗ್ ಮುಟ್ಟುವ ಮೊದಲು ಫಿಲ್ ಪ್ಲಗ್ ಬಿಚ್ಚಿ ನೋಡಿ. ವರ್ಷಗಟ್ಟಲೆ ಮುಟ್ಟದ ಫಿಲ್ ಪ್ಲಗ್ ಅಲ್ಯೂಮಿನಿಯಂ ಕೇಸಿಗೆ ಕಚ್ಚಿಕೊಂಡಿರುತ್ತದೆ. ಆಯಿಲ್ ಎಲ್ಲ ಇಳಿಸಿದ ಮೇಲೆ ಅದು ಬಿಚ್ಚದಿದ್ದರೆ, ಅಥವಾ ತಲೆ ಸವೆದುಹೋದರೆ, ತುಂಬಲೂ ಆಗದೆ ಓಡಿಸಲೂ ಆಗದೆ ಗಾಡಿ ಸ್ಟ್ಯಾಂಡ್ ಮೇಲೆಯೇ ಕೂರುತ್ತದೆ.

ಪ್ಯಾನ್ ಇಳಿಸುವುದು

ಆಯಿಲ್ ಕೈ ಸುಡದಷ್ಟು ಬೆಚ್ಚಗಿದ್ದರೆ ಚೆನ್ನಾಗಿ ಇಳಿಯುತ್ತದೆ. ಡ್ರೈನ್ ಪ್ಲಗ್ (ಮೇಲೆ ಹೇಳಿದ ಓವರ್‌ಫ್ಲೋ ಪ್ಲಗ್ ಇದೇ) ತೆಗೆದಾಗ ಒಂದು ಬಟ್ಟಲು ಬಂದು ನಿಂತುಬಿಟ್ಟರೆ ಗಾಬರಿ ಬೇಡ. ಒಳಗೆ ಲೆವೆಲ್ ಅಳೆಯುವ ಓವರ್‌ಫ್ಲೋ ನಳಿಗೆ ನಿಂತಿರುತ್ತದೆ. ಈ ಬಗೆಯ ಪ್ಯಾನ್‌ಗಳಲ್ಲಿ ಅದನ್ನು 6 ಮಿ.ಮೀ. ಅಲೆನ್ ಕೀಯಿಂದ ತಿರುಗಿಸಿ ತೆಗೆದರೆ ಉಳಿದದ್ದು ಬರುತ್ತದೆ. ನಳಿಗೆ ಪ್ಲಾಸ್ಟಿಕ್‌ದು, ವಾಪಸ್ ಹಾಕುವಾಗ ಬೆರಳ ಬಲ ಸಾಕು.

ಬಂದದ್ದನ್ನೆಲ್ಲ ಅಳತೆ ಗುರುತಿರುವ ಕ್ಯಾನ್‌ಗೆ ಸುರಿದು ಬರೆದಿಡಬೇಕು. ಇಲ್ಲಿ ಪ್ಲಗ್‌ನಿಂದ 2.4 ಲೀಟರ್, ಪ್ಯಾನ್ ಮತ್ತು ಫಿಲ್ಟರ್ ಇಳಿಸಿದಾಗ 0.4, ಆಮೇಲೆ ಆಕ್ಸಲ್ ಎಳೆದಾಗ 0.3. ಒಟ್ಟು 3.1. ಉಳಿದದ್ದು ಕನ್ವರ್ಟರ್ ಮತ್ತು ಕೂಲರ್‌ನಲ್ಲೇ ಇರುತ್ತದೆ. ಈ 3.1 ಎನ್ನುವ ಸಂಖ್ಯೆ ಮುಂದೆ ಬೇಕಾಗುತ್ತದೆ.

ಪ್ಯಾನ್ ಬೋಲ್ಟ್‌ಗಳನ್ನು ಒಂದು ಬದಿಯಿಂದ ಸಡಿಲಿಸುತ್ತ ಬಂದು, ಎದುರು ಬದಿಯ ಎರಡನ್ನು ಕೊನೆಗೆ ಉಳಿಸಿಕೊಂಡರೆ ಪ್ಯಾನ್ ಒಂದು ಕಡೆ ಬಾಗಿ, ಉಳಿದ ಆಯಿಲ್ ಹಿಡಿದ ಜಾಗಕ್ಕೇ ಬೀಳುತ್ತದೆ. ಅಂಟಿಕೊಂಡಿದ್ದರೆ ರಬ್ಬರ್ ಸುತ್ತಿಗೆಯಿಂದ ತಟ್ಟಿ. ಸ್ಕ್ರೂಡ್ರೈವರ್ ತುದಿ ಮೀಟಿ ಕೇಸಿನ ಅಂಚಿಗೆ ಗೀರು ಬಿದ್ದರೆ ಅಲ್ಲಿಂದಲೇ ಹೊಸ ಸೋರಿಕೆ.

ಒಳಗಿನ ಆಯಸ್ಕಾಂತದ ಮೇಲೆ ಬೂದು ಬಣ್ಣದ ಮೆತ್ತನೆಯ ಲೇಪ ಇತ್ತು. ಬೆರಳಲ್ಲಿ ಉಜ್ಜಿದರೆ ಕಾಡಿಗೆಯಂತೆ ನುಣುಪು. ಇದು ಮಾಮೂಲಿ ಸವೆತ. ಉಗುರಿಗೆ ಸಿಗುವ ಚೂರು, ಹಿತ್ತಾಳೆ ಬಣ್ಣದ ಹೊಳಪು, ಕಪ್ಪು ಕ್ಲಚ್ ಪುಡಿಯ ರಾಶಿ ಕಂಡಿದ್ದರೆ ಗ್ಯಾಸ್ಕೆಟ್ ಕೆಲಸ ಅಲ್ಲಿಗೇ ನಿಲ್ಲಿಸಿ ಒಳಗಿನ ದುರಸ್ತಿ ಯೋಚಿಸಬೇಕಿತ್ತು.

ಈಗ ಪ್ಯಾನ್ ಒಸರಿದ್ದೇಕೆ ಎಂಬುದು. ಗ್ಯಾಸ್ಕೆಟ್ ಹಳೆಯದೇನೋ ಹೌದು, ಆದರೆ ಹರಿದಿರಲಿಲ್ಲ. ಪ್ಯಾನ್‌ನ ಅಂಚನ್ನು ತಿರುಗಿಸಿ ಮೇಲೆ ಉಕ್ಕಿನ ಪಟ್ಟಿ ಇಟ್ಟು ಬೆಳಕಿಗೆ ಹಿಡಿದಾಗ ವಿಷಯ ಹೊರಬಂತು. ಪ್ರತಿ ಬೋಲ್ಟ್ ತೂತಿನ ಸುತ್ತ ತಗಡು ಕೇಸಿನ ಕಡೆಗೆ ಉಬ್ಬಿತ್ತು, ಎರಡು ತೂತುಗಳ ನಡುವೆ ಪಟ್ಟಿಯ ಕೆಳಗೆ 0.5 ಮಿ.ಮೀ. ಫೀಲರ್ ಗೇಜ್ ಸಲೀಸಾಗಿ ನುಗ್ಗುತ್ತಿತ್ತು. ಹಿಂದೆ ಯಾರೋ ತೇವ ಕಂಡಾಗಲೆಲ್ಲ ಬೋಲ್ಟ್ ಇನ್ನಷ್ಟು ಬಿಗಿದಿದ್ದಾರೆ. ಬಿಗಿದಷ್ಟೂ ತೂತಿನ ಸುತ್ತ ತಗಡು ಉಬ್ಬುತ್ತದೆ, ನಡುವಿನ ಭಾಗ ಗ್ಯಾಸ್ಕೆಟ್‌ನಿಂದ ದೂರವಾಗುತ್ತದೆ, ಸೋರಿಕೆ ಹೆಚ್ಚುತ್ತದೆ, ಮತ್ತೆ ಬಿಗಿಯುತ್ತಾರೆ. ಪ್ಯಾನ್ ಸೋರಿಕೆಗಳಲ್ಲಿ ಹಳೆಯ ಗ್ಯಾಸ್ಕೆಟ್‌ಗಿಂತ ಈ ಉಬ್ಬೇ ದೊಡ್ಡ ಅಪರಾಧಿ ಎಂಬುದು ನಮ್ಮ ಅಭಿಪ್ರಾಯ.

ಸರಿಪಡಿಸುವುದು ಕಷ್ಟವಲ್ಲ. ಅಂಚಿನ ಗ್ಯಾಸ್ಕೆಟ್ ಮುಖವನ್ನು ಮೇಲೆ ಮಾಡಿ, ಅಡಿಗೆ ಗಟ್ಟಿ ಮರದ ತುಂಡು ಕೊಟ್ಟು, ಪ್ರತಿ ತೂತಿನ ಉಬ್ಬನ್ನು ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಇಳಿಸಬೇಕು. ನಾಲ್ಕೈದು ಏಟಿಗೊಮ್ಮೆ ಪಟ್ಟಿ ಇಟ್ಟು ನೋಡಬೇಕು. ತೂತುಗಳು ನಡುವಿನ ಭಾಗಕ್ಕಿಂತ ಕೂದಲೆಳೆಯಷ್ಟು ತಗ್ಗಿದ್ದರೂ ಚಿಂತೆಯಿಲ್ಲ, ಬಿಗಿದಾಗ ಸಮ ಬರುತ್ತದೆ. ಅಂಚು ಉದ್ದಕ್ಕೂ ತಿರುಚಿದ್ದರೆ ಮಾತ್ರ ಹೊಸ ಪ್ಯಾನ್. ಇದು ಉಕ್ಕಿನ ಪ್ಯಾನ್‌ಗೆ ಮಾತ್ರ ಹೇಳಿದ ಮಾತು. ಫಿಲ್ಟರ್ ಜೊತೆಗೇ ಬರುವ ಪ್ಲಾಸ್ಟಿಕ್ ಪ್ಯಾನ್ ಬಾಗಿದರೆ ಬದಲಿಸುವುದೊಂದೇ ದಾರಿ.

ಫಿಲ್ಟರ್ ಬದಲಿಸುವಾಗ ಹಳೆಯ ಓ-ರಿಂಗ್ ಫಿಲ್ಟರ್ ಕತ್ತಿನಲ್ಲಿ ಬಂತೋ ಮೇಲಿನ ತೂತಿನಲ್ಲೇ ಉಳಿಯಿತೋ ನೋಡಬೇಕು. ಹಳೆಯದರ ಮೇಲೆ ಹೊಸದು ಕೂತರೆ ಫಿಲ್ಟರ್ ಗಟ್ಟಿಯಾಗಿ ಕೂರದೆ ಪಂಪ್ ಗಾಳಿ ಎಳೆಯುತ್ತದೆ.

ಕೇಸಿನ ಮುಖವನ್ನು ಪ್ಲಾಸ್ಟಿಕ್ ಸ್ಕ್ರೇಪರ್‌ನಿಂದ ಕೆರೆದು ಬ್ರೇಕ್ ಕ್ಲೀನರ್ ಬಟ್ಟೆಯಿಂದ ಒರೆಸಬೇಕು. ಒರಟು ಕಾಗದ, ತಿರುಗುವ ಬ್ರಷ್ ಬೇಡ, ಅದರ ಪುಡಿ ನೇರ ವಾಲ್ವ್ ಬಾಡಿಗೆ ಹೋಗುತ್ತದೆ. ಬೋಲ್ಟ್ ತೂತುಗಳು ತಳ ಮುಚ್ಚಿದವು. ಒಳಗೆ ಆಯಿಲ್ ನಿಂತಿದ್ದರೆ ಬೋಲ್ಟ್ ಅದನ್ನೇ ಒತ್ತಿ ಕೇಸ್ ಸೀಳಬಹುದು, ಟಾರ್ಕ್ ರೆಂಚ್ ಕೂಡ ಸುಳ್ಳು ಹೇಳುತ್ತದೆ. ಹೀರಿ ಒಣಗಿಸಿ.

ರಬ್ಬರ್ ಗ್ಯಾಸ್ಕೆಟ್ ಒಣದಾಗಿಯೇ ಕೂರಬೇಕು. ಭದ್ರತೆಗೆಂದು ಅದಕ್ಕೆ ಆರ್‌ಟಿವಿ ಸಿಲಿಕೋನ್ ಬಳಿಯುವ ಚಾಳಿ ಬಹಳ ಕಡೆ ಇದೆ. ಹಸಿ ಸಿಲಿಕೋನ್ ಜಾರುಗುಣದ್ದು, ಬಿಗಿಯುವಾಗ ಗ್ಯಾಸ್ಕೆಟ್ ಬೋಲ್ಟ್‌ಗಳ ನಡುವೆ ಹೊರಕ್ಕೆ ಜಾರಿ ಬಂದುಬಿಡುತ್ತದೆ. ಒಳಕ್ಕೆ ಹಿಂಡಿದ ಉಂಡೆ ಕಳಚಿ ಫಿಲ್ಟರ್ ಸೇರುತ್ತದೆ. ಸಿಲಿಕೋನ್ ಬೇಕಾಗುವುದು ಗ್ಯಾಸ್ಕೆಟ್ ಇಲ್ಲದೆ ಬರೀ ಸೀಲಂಟ್‌ನಲ್ಲೇ ಕೂರುವ ವಿನ್ಯಾಸದ ಪ್ಯಾನ್‌ಗಳಿಗೆ. ಅಲ್ಲಿ ಎಟಿಎಫ್ ತಡೆಯುವ ಸೀಲಂಟ್ 2 ರಿಂದ 3 ಮಿ.ಮೀ. ದಪ್ಪದ ಒಂದೇ ಸಾಲಾಗಿ, ತೂತುಗಳ ಒಳಬದಿಯಿಂದ ಬಳಸಿ ಹೋಗಬೇಕು, ಆಯಿಲ್ ತುಂಬುವ ಮೊದಲು ಟ್ಯೂಬಿನ ಮೇಲೆ ಹೇಳಿದಷ್ಟು ಹೊತ್ತು ಬಿಡಬೇಕು.

ಎಲ್ಲ ಬೋಲ್ಟ್‌ಗಳನ್ನೂ ಬೆರಳಲ್ಲಿ ಹಚ್ಚಿ, ನಡುವಿನಿಂದ ಹೊರಕ್ಕೆ ಎದುರುಬದುರಾಗಿ ಎರಡು ಸುತ್ತಿನಲ್ಲಿ ಬಿಗಿತ. ಮೊದಲ ಸುತ್ತು 4 ನ್ಯೂಟನ್ ಮೀಟರ್, ಎರಡನೆಯದು ಕೈಪಿಡಿಯ ಅಂಕಿ, ಇಲ್ಲಿ 8. ಬೇರೆ ಗಾಡಿಗಳಲ್ಲಿ ಸಾಮಾನ್ಯವಾಗಿ 7 ರಿಂದ 12. ಮಣಿಕಟ್ಟಿನ ಬಲದಲ್ಲೇ ಇದು ಮುಗಿಯುತ್ತದೆ, ಮೊಣಕೈ ಸೇರಿತೆಂದರೆ 20 ದಾಟಿ ಉಬ್ಬಿನ ಕಥೆ ಮತ್ತೆ ಶುರು. ಮೊದಲು ಬಿಗಿದ ಬೋಲ್ಟ್ ಉಳಿದವು ಕೂತ ಮೇಲೆ ಸಡಿಲವೆನಿಸುತ್ತದೆ, ಅದಕ್ಕೆ ಎರಡನೇ ಸುತ್ತನ್ನು ಇನ್ನೊಮ್ಮೆ ತಿರುಗಿ ಬರಬೇಕು. ತೂತಿನ ಎಂ6 (6 ಮಿ.ಮೀ. ಬೋಲ್ಟಿನ) ಎಳೆ ಕಿತ್ತುಬಂದರೆ 6.3 ಮಿ.ಮೀ. ಡ್ರಿಲ್ ಹಾಕಿ ಹೆಲಿಕಾಯಿಲ್ (ಹೊಸ ಎಳೆಯಾಗುವ ತಂತಿ ಸುರುಳಿ) ಕೂರಿಸಬಹುದು, ಡ್ರಿಲ್ ತುದಿಗೆ ಗ್ರೀಸ್ ಬಳಿದರೆ ಚೂರುಗಳು ಒಳಗೆ ಉದುರುವುದಿಲ್ಲ.

ಆಕ್ಸಲ್ ಸೀಲ್

ಸೀಲ್ ಮುಟ್ಟುವ ಮೊದಲು ಬ್ರೀದರ್ ನೋಡಿ. ಗೇರ್‌ಬಾಕ್ಸ್ ತಲೆಯ ಮೇಲಿನ ಆ ಪುಟ್ಟ ಟೋಪಿ ಮಣ್ಣಿನಿಂದ ಮುಚ್ಚಿದ್ದರೆ ಬಿಸಿಯಾದಾಗ ಒಳಗಿನ ಗಾಳಿಗೆ ಹೊರದಾರಿ ಇರದೆ ಅದು ಸೀಲ್‌ಗಳನ್ನು ತಳ್ಳುತ್ತದೆ. ಹೊಸ ಸೀಲ್ ಹಾಕಿದರೂ ತಿಂಗಳಲ್ಲಿ ಸೋರುತ್ತದೆ. ಇಲ್ಲಿ ಬ್ರೀದರ್ ಸರಿಯಿತ್ತು.

ಹಬ್ ನಟ್ಟನ್ನು ಚಕ್ರ ನೆಲದ ಮೇಲಿರುವಾಗಲೇ ಸಡಿಲಿಸಬೇಕು, ಅದರ ಟಾರ್ಕ್ 200 ನ್ಯೂಟನ್ ಮೀಟರ್ ಆಸುಪಾಸು, ಕೆಲವದರಲ್ಲಿ 300. ಗಾಡಿ ಸ್ಟ್ಯಾಂಡ್ ಮೇಲಿಟ್ಟು ಅದರೊಂದಿಗೆ ಗುದ್ದಾಡುವುದು ಅಪಾಯ. ಆಮೇಲೆ ಕೆಳಗಿನ ಬಾಲ್ ಜಾಯಿಂಟ್ ಬಿಡಿಸಿ, ಚಕ್ರದ ಹಬ್ ಹಿಡಿದಿರುವ ನಕಲ್ ಭಾಗವನ್ನು ಹೊರಕ್ಕೆ ವಾಲಿಸಿ, ಆಕ್ಸಲ್‌ನ ಹೊರತುದಿ ಬಿಡಿಸುವುದು. ಬ್ರೇಕ್ ಹೋಸ್ ಮೇಲೆ ಭಾರ ಬೀಳದಂತೆ ತಂತಿಯಿಂದ ಕಟ್ಟಿಡಿ. ಒಳತುದಿಯನ್ನು ಗೇರ್‌ಬಾಕ್ಸ್ ಮತ್ತು ಜಾಯಿಂಟ್ ಬಟ್ಟಲಿನ ನಡುವೆ ಸಲಾಕೆ ಕೊಟ್ಟು ಒಂದೇ ಏಟಿಗೆ ಮೀಟಬೇಕು. ಆಕ್ಸಲ್ ದಂಡ ಹಿಡಿದು ಎಳೆದರೆ ಸರ್‌ಕ್ಲಿಪ್ ಬಿಡುವುದಿಲ್ಲ, ಒಳಗಿನ ಟ್ರೈಪಾಡ್ ಜಾಯಿಂಟ್ ಕಳಚಿ ಬೂಟ್ ಒಳಗೆ ಗ್ರೀಸ್ ಸಂತೆಯಾಗುತ್ತದೆ.

ಹಳೆಯ ಸೀಲ್ ಕೀಳುವ ಮೊದಲು ಅದು ಎಷ್ಟು ಆಳದಲ್ಲಿ ಕೂತಿದೆ ಎಂದು ವರ್ನಿಯರ್‌ನಿಂದ ನಾಲ್ಕು ಕಡೆ ಅಳೆಯಬೇಕು. ಒಂದು ನಿಮಿಷದ ಕೆಲಸ. ಇಲ್ಲಿ ಸಿಕ್ಕ ಅಂಕಿಗಳು: ಮೇಲೆ 2.1, ಹಿಂದೆ 2.3, ಕೆಳಗೆ 3.4, ಮುಂದೆ 3.2 ಮಿ.ಮೀ. ಸೀಲ್ ಓರೆ. ಹಿಂದೆ ಯಾವಾಗಲೋ ಇದನ್ನು ಸುತ್ತಿಗೆಯಿಂದ ಒಂದು ಬದಿ ಬಡಿದು ಕೂರಿಸಿದ್ದಾರೆ. ಓರೆ ಕೂತ ಸೀಲ್‌ನ ತುಟಿ ಶಾಫ್ಟಿನ ಒಂದು ಬದಿಗೆ ಗಟ್ಟಿಯಾಗಿ, ಇನ್ನೊಂದು ಬದಿಗೆ ಸಡಿಲವಾಗಿ ತಾಗುತ್ತದೆ. ಕಿತ್ತು ಲೆನ್ಸಿನಲ್ಲಿ ನೋಡಿದರೆ ತುಟಿಯ ಅರ್ಧ ಸುತ್ತು ಅಗಲವಾಗಿ ಸವೆದು ಹೊಳೆಯುತ್ತಿತ್ತು, ಉಳಿದರ್ಧ ಹೊಸದರಂತೆ ಚೂಪು.

ಸೀಲ್ ಕೀಳುವಾಗ ಕೊಕ್ಕೆ ಸೀಲ್‌ನ ಒಳಮೈಗೆ ತಾಗಬೇಕು, ಅದು ಕೂತ ಅಲ್ಯೂಮಿನಿಯಂ ಗೋಡೆಗಲ್ಲ. ಆಕ್ಸಲ್‌ನಲ್ಲಿ ಸೀಲ್ ತಾಗುವ ಭಾಗವನ್ನು ಒರೆಸಿ ಉಗುರನ್ನು ಉದ್ದಕ್ಕೆ ಎಳೆದು ನೋಡಿ. ಉಗುರು ಸಿಕ್ಕಿಕೊಳ್ಳುವಷ್ಟು ತೋಡು ಬಿದ್ದಿದ್ದರೆ ಹೊಸ ಸೀಲ್ ಒಂದರಿಂದ ಆಗದು: ತೆಳು ರಿಪೇರಿ ಸ್ಲೀವ್ ಹಾಕಬೇಕು, ಇಲ್ಲವೇ ಜಾಗ ಇದ್ದಲ್ಲಿ ಸೀಲನ್ನು ಒಂದು ಮಿ.ಮೀ. ಮುಂದೆ ಕೂರಿಸಿ ತುಟಿ ಹೊಸ ಮೈಗೆ ತಾಗುವಂತೆ ಮಾಡಬೇಕು. ಆಕ್ಸಲ್ ಒಳತುದಿ ಮೇಲೆ ಕೆಳಗೆ ಸಡಿಲವಾಗಿ ಆಡುತ್ತಿದ್ದರೆ ಒಳಗಿನ ಬುಷ್ ಅಥವಾ ಬೇರಿಂಗ್ ಸವೆದಿದೆ, ಅಂಥಲ್ಲಿ ಎಷ್ಟು ಸೀಲ್ ಹಾಕಿದರೂ ನಿಲ್ಲುವುದಿಲ್ಲ.

ಹೊಸ ಸೀಲ್‌ನ ಸ್ಪ್ರಿಂಗ್ ಇರುವ ಮುಖ ಒಳಕ್ಕೆ, ಆಯಿಲ್ ಕಡೆಗೆ. ಹೊರ ಅಂಚಿಗೆ ಎಟಿಎಫ್, ತುಟಿಗೆ ಎಟಿಎಫ್ ಅಥವಾ ತುಸು ಗ್ರೀಸ್. ಸೀಲ್‌ನ ಹೊರ ವ್ಯಾಸಕ್ಕಿಂತ 2 ಮಿ.ಮೀ. ಕಿರಿದಾದ ಸಾಕೆಟ್ ಅಥವಾ ಚಪ್ಪಟೆ ಕೊಯ್ದ ಪೈಪ್ ತುಂಡು ಇಟ್ಟು ನಡುವೆ ಸಣ್ಣ ಏಟು, ಎರಡು ಏಟಿಗೊಮ್ಮೆ ವರ್ನಿಯರ್. ಕೈಪಿಡಿ ಹೇಳಿದ ಆಳ 2.7, ಕೂರಿಸಿದ್ದು ನಾಲ್ಕೂ ಕಡೆ 2.6 ರಿಂದ 2.8ರೊಳಗೆ. ಕೊನೆಯ ಅಪಾಯ ಆಕ್ಸಲ್ ವಾಪಸ್ ತೂರಿಸುವಾಗ. ಅದರ ಹಲ್ಲುಗಳು ತುಟಿಯ ಮೇಲೆ ಉಜ್ಜಿದರೆ ಹೊಸ ಸೀಲ್ ಅಲ್ಲೇ ಹಾಳು. ಒಬ್ಬರು ದಂಡವನ್ನು ಎರಡೂ ಕೈಯಲ್ಲಿ ನೇರ ಹಿಡಿದು ತೂರಿಸಿ, ಹಲ್ಲು ಕೂಡಿದ ಮೇಲೆ ಒಮ್ಮೆ ಜೋರಾಗಿ ತಳ್ಳಬೇಕು. ಸರ್‌ಕ್ಲಿಪ್‌ನ ಬಾಯಿ ಕೆಳಮುಖವಾಗಿದ್ದರೆ ಸಲೀಸು. ಟಕ್ಕೆಂದು ಕೂತ ಮೇಲೆ ಜಾಯಿಂಟ್ ಬಟ್ಟಲು ಹಿಡಿದು ಹೊರಕ್ಕೆ ಎಳೆದು ನೋಡಿ, ಬರಬಾರದು.

ತುಂಬುವುದು, ಲೆವೆಲ್ ಮಾಡುವುದು

ಮೊದಲು ಬಂದಷ್ಟೇ, ಅಂದರೆ 3.1 ಲೀಟರ್, ಕೊಳವೆ ಮತ್ತು ಲಾಳಿಕೆಯಿಂದ ಫಿಲ್ ಪ್ಲಗ್ ಮೂಲಕ. ಎಂಜಿನ್ ಶುರು ಮಾಡಿ ಬ್ರೇಕ್ ತುಳಿದು ಪಿಯಿಂದ ಆರ್, ಎನ್, ಡಿ, ಮತ್ತೆ ವಾಪಸ್, ಪ್ರತಿಯೊಂದರಲ್ಲಿ ಮೂರು ಸೆಕೆಂಡ್. ಕೊನೆಗೆ ಪಿಯಲ್ಲಿ ಬಿಟ್ಟು ಸ್ಕ್ಯಾನರ್ ನೋಡುತ್ತ ಕೂರುವುದು. ಈ ಗೇರ್‌ಬಾಕ್ಸ್‌ಗೆ ಲೆವೆಲ್ ನೋಡಬೇಕಾದ ಆಯಿಲ್ ತಾಪಮಾನ 35 ರಿಂದ 45 ಡಿಗ್ರಿ ಸೆಲ್ಸಿಯಸ್. ಆಯಿಲ್ ಬಿಸಿಯಾದಂತೆ ಹಿಗ್ಗುತ್ತದೆ: 80 ಡಿಗ್ರಿಯಲ್ಲಿ ಲೆವೆಲ್ ಮಾಡಿದರೆ ನಿಜಕ್ಕೂ ಕಡಿಮೆ ಆಯಿಲ್ ಇರುತ್ತದೆ, 20 ಡಿಗ್ರಿಯಲ್ಲಿ ಮಾಡಿದರೆ ಹೆಚ್ಚು.

37 ಡಿಗ್ರಿಗೆ, ಎಂಜಿನ್ ಓಡುತ್ತಿರುವಾಗಲೇ, ಓವರ್‌ಫ್ಲೋ ಪ್ಲಗ್ ಬಿಚ್ಚಿದಾಗ ಏನೂ ಬರಲಿಲ್ಲ. ಫಿಲ್ ಪ್ಲಗ್‌ನಿಂದ 100 ಮಿಲಿಯಂತೆ ಸೇರಿಸುತ್ತ ಹೋದಾಗ ಐದನೆಯದರ ಕೊನೆಗೆ ಸಣ್ಣ ಧಾರೆ ಕಂಡಿತು. ಧಾರೆ ಕಡಿದು ಹನಿಯಾಗುವ ಹೊತ್ತಿಗೆ ಪ್ಲಗ್ ವಾಪಸ್, ಆಗ 42 ಡಿಗ್ರಿ. ಅಂದರೆ ಗಾಡಿ ಸುಮಾರು ಅರ್ಧ ಲೀಟರ್ ಕಡಿಮೆಯಲ್ಲಿ ಓಡುತ್ತಿತ್ತು. ಇಳಿಸಿದ್ದನ್ನು ಅಳೆಯದಿದ್ದರೆ ಈ ಸಂಗತಿ ತಿಳಿಯುತ್ತಲೇ ಇರಲಿಲ್ಲ, ಇಳಿದಷ್ಟನ್ನೇ ತುಂಬಿ ನಿಲ್ಲಿಸಿದ್ದರೆ ಆ ಕೊರತೆ ಹಾಗೇ ಉಳಿಯುತ್ತಿತ್ತು.

ಡಿಪ್‌ಸ್ಟಿಕ್ ಇರುವ ಗಾಡಿಗಳಲ್ಲಿ ಸಾಮಾನ್ಯವಾಗಿ ಆಯಿಲ್ ಬಿಸಿಯಾಗಿ, ಎಂಜಿನ್ ಓಡುವಾಗ ಹಾಟ್ ಗುರುತಿಗೆ ನೋಡುವುದು. ಕೆಲವು ಹೋಂಡಾಗಳಲ್ಲಿ ಎಂಜಿನ್ ನಿಲ್ಲಿಸಿ ಒಂದೂವರೆ ನಿಮಿಷದೊಳಗೆ. ಕೈಪಿಡಿ ಓದದೆ ಇದನ್ನು ಊಹಿಸಬಾರದು.

ಮೂಲ ಬೇರೆ ಕಡೆ ಇದ್ದಿದ್ದರೆ

ಕೂಲರ್ ಹೋಸ್ ಆಗಿದ್ದರೆ ಎಸ್‌ಎಇ ಜೆ1532 ಎಂದು ಮುದ್ರಿಸಿರುವ ಹೋಸೇ ಬೇಕು. ಪೆಟ್ರೋಲ್ ಅಥವಾ ನೀರಿನ ಹೋಸ್ ಬಿಸಿ ಎಟಿಎಫ್‌ಗೆ ಉಬ್ಬಿ ಮೆತ್ತಗಾಗುತ್ತದೆ. ಕೊಯ್ದ ಲೋಹದ ಪೈಪಿನ ತುದಿಗೆ ಫ್ಲೇರಿಂಗ್ ಸಾಧನದಿಂದ ಸಣ್ಣ ಉಬ್ಬು ಕೊಟ್ಟು, ಹೋಸನ್ನು 25 ಮಿ.ಮೀ. ಮೇಲಕ್ಕೆ ತಳ್ಳಿ ಉಬ್ಬಿನ ಹಿಂದೆ ಕ್ಲ್ಯಾಂಪ್ ಬಿಗಿಯಬೇಕು. ನುಣುಪು ಪೈಪಿನ ಮೇಲೆ ಬರೀ ಕ್ಲ್ಯಾಂಪ್ ನಂಬಿದರೆ ಹೆದ್ದಾರಿಯಲ್ಲಿ ಕಳಚಿಕೊಂಡ ಹೋಸ್ ಒಂದೆರಡು ನಿಮಿಷದಲ್ಲಿ ಆಯಿಲ್ ಖಾಲಿ ಮಾಡಬಲ್ಲದು.

ಕನೆಕ್ಟರ್ ಆಗಿದ್ದರೆ ಓ-ರಿಂಗ್ ಇರುವ ಪ್ಲಾಸ್ಟಿಕ್ ಸ್ಲೀವ್ ಬದಲಿಸುವುದು. ಝಡ್‌ಎಫ್ 6 ಸ್ಪೀಡ್‌ಗಳಲ್ಲಿ ಇದು ಹೆಸರಾದ ಜಾಗ. ಮರ್ಸಿಡಿಸ್‌ನ 722.6ರಲ್ಲೂ ಹಾಗೆಯೇ, ಅಲ್ಲಿ ಆಯಿಲ್ ವೈರುಗಳ ಒಳಗೇ ಏರಿ ಕಂಟ್ರೋಲ್ ಯೂನಿಟ್ ತಲುಪಿದ್ದೂ ಉಂಟು.

ಎಂಜಿನ್ ಮತ್ತು ಗೇರ್‌ಬಾಕ್ಸ್ ಕೂಡುವ ಬೆಲ್‌ಹೌಸಿಂಗ್ ಅಡಿಯಿಂದ ಕೆಂಪು ಹನಿ ಬಿದ್ದರೆ ಪಂಪ್‌ನ ಮುಂದಿನ ಸೀಲ್. ಕಂದು ಹನಿಯಾದರೆ ಎಂಜಿನ್‌ನ ಹಿಂದಿನ ಮುಖ್ಯ ಸೀಲ್. ಎರಡಕ್ಕೂ ಗೇರ್‌ಬಾಕ್ಸ್ ಇಳಿಸಬೇಕು, ಮನೆಯ ಅಂಗಳದಲ್ಲಿ ಮಾಡುವ ಕೆಲಸವಲ್ಲ. ಆಯಿಲ್ ಗುಲಾಬಿ ಹಾಲಿನಂತಾಗಿದ್ದರೆ ರೇಡಿಯೇಟರ್ ಒಳಗಿನ ಕೂಲರ್ ಒಡೆದು ಕೂಲಂಟ್ ಬೆರೆತಿದೆ. ಎಂಜಿನ್ ಶುರು ಮಾಡಲೇಬೇಡಿ, ಕ್ಲಚ್ ಪ್ಲೇಟ್‌ಗಳ ಲೈನಿಂಗ್ ಅಂಟನ್ನು ಅದು ಕರಗಿಸುತ್ತದೆ.

ಸೋರಿಕೆ ನಿಲ್ಲಿಸುವ ಬಾಟಲಿ ಔಷಧಿಗಳು ರಬ್ಬರನ್ನು ಉಬ್ಬಿಸುತ್ತವೆ. ವಯಸ್ಸಿನಿಂದ ಗಡುಸಾದ ಸೀಲ್ ಕೆಲವು ತಿಂಗಳು ಒಸರುವುದು ನಿಲ್ಲಬಹುದು. ಉಬ್ಬಿದ ಪ್ಯಾನ್‌ಗೆ, ಓರೆ ಸೀಲ್‌ಗೆ ಅವುಗಳಿಂದ ಏನೂ ಆಗದು.

ಕೊನೆಯ ತಪಾಸಣೆ

ಎಲ್ಲ ಮುಗಿದ ಮೇಲೆ ಮತ್ತೆ ಒರೆಸಿ, ಮತ್ತೆ ಪೌಡರ್, ಮತ್ತೆ ರಟ್ಟು. 15 ಕಿಲೋಮೀಟರ್ ಓಟದ ನಂತರ ಆಕ್ಸಲ್ ಬಾಯಿ ಒಣ, ಪ್ಯಾನ್ ಅಂಚು ಒಣ. ರಾತ್ರಿ ನಿಂತ ಮೇಲೆ ಎಡ ಮೂಲೆಯ ಬೋಲ್ಟ್ ತಲೆಯಲ್ಲಿ ಒಂದು ಸಣ್ಣ ಹನಿ ಕಂಡಿತು: ಸಬ್‌ಫ್ರೇಮ್‌ನ ಸಂದಿಯಲ್ಲಿ ಉಳಿದಿದ್ದ ಹಳೆಯ ಆಯಿಲ್ ಜಾರಿ ಬಂದದ್ದು. ಇಂಥದ್ದು ಕಂಡ ಕೂಡಲೇ ಬೋಲ್ಟ್ ಬಿಗಿಯಲು ಹೋಗಬಾರದು. ಒರೆಸಿ ಇನ್ನೊಂದು ರಾತ್ರಿ ಕಾದಾಗ ಬರಲಿಲ್ಲ. 100 ಕಿಲೋಮೀಟರ್‌ಗೆ ಒಮ್ಮೆ, 500ಕ್ಕೆ ಇನ್ನೊಮ್ಮೆ ಅದೇ ಜಾಗಗಳನ್ನು ಟಾರ್ಚ್ ಬಿಟ್ಟು ನೋಡಬೇಕು. ಇಳಿಸಿದ ಹಳೆಯ ಆಯಿಲ್ ಚರಂಡಿಗಲ್ಲ, ಮುಚ್ಚಳ ಬಿಗಿಯಿರುವ ಕ್ಯಾನ್‌ನಲ್ಲಿ ತುಂಬಿ ಬಳಸಿದ ಆಯಿಲ್ ಮರುಬಳಕೆಗೆ ತೆಗೆದುಕೊಳ್ಳುವವರಿಗೆ. ನೆಲದ ಕಲೆಗೆ ಮರದ ಹೊಟ್ಟು ಹಾಕಿ ಒಂದು ದಿನ ಬಿಟ್ಟು ಗುಡಿಸಿದರೆ ಹೆಚ್ಚಿನದೆಲ್ಲ ಹೀರಿಕೊಳ್ಳುತ್ತದೆ.